ಯುದ್ಧಕಥನವೂ ಪರಭಾಷೆಯ ಓದೂ: ಸೀಸರನಿಂದ ಆತಕೂರಿನ ಕಲ್ಲಿನವರೆಗೆ

ಒಂದು ಹೊಸ ಭಾಷೆಯ ವ್ಯಾಕರಣವನ್ನು ಅಷ್ಟಿಷ್ಟು ಕಲಿತವರ ಮುಂದೆ ಬಂದು ನಿಲ್ಲುವ ಮೊದಲ ಪ್ರಶ್ನೆ, ಇನ್ನು ಯಾವ ಪುಸ್ತಕವನ್ನು ಓದಬೇಕು ಎಂಬುದು. ಕಾವ್ಯ ಕಠಿಣ, ಶಾಸ್ತ್ರ ಅದಕ್ಕಿಂತಲೂ ಕಠಿಣ. ಮಕ್ಕಳ ಕಥೆಯು ಪ್ರೌಢರ ಮನಸ್ಸನ್ನು ಬಹುಕಾಲ ಹಿಡಿದಿಡಲಾರದು. ಈ ಪ್ರಶ್ನೆಗೆ ಯುರೋಪಿನ ವಿದ್ಯಾಶಾಲೆಗಳು ಹಲವು ತಲೆಮಾರುಗಳ ಕಾಲ ಕೊಟ್ಟ ಉತ್ತರ ಒಂದೇ: ಯುದ್ಧದ ಇತಿಹಾಸ. ಲ್ಯಾಟಿನ್ ಕಲಿಯುವ ವಿದ್ಯಾರ್ಥಿ ವ್ಯಾಕರಣದ ಪಾಠಗಳನ್ನು ದಾಟಿದೊಡನೆ ಸೀಸರನ ಗಾಲ್ ಯುದ್ಧದ ಕಥನವನ್ನು ಕೈಗೆತ್ತಿಕೊಳ್ಳುತ್ತಿದ್ದ. ಗ್ರೀಕ್ ಕಲಿಯುವವನು ಕ್ಸೆನೊಫೋನನ ‘ಅನಾಬಾಸಿಸ್’ ಗ್ರಂಥವನ್ನು ಹಿಡಿಯುತ್ತಿದ್ದ. ಹತ್ತೊಂಬತ್ತನೆಯ ಶತಮಾನದ ಜರ್ಮನಿ, ಇಂಗ್ಲೆಂಡ್, ಅಮೆರಿಕಗಳ ಶಾಲೆಗಳಲ್ಲಿ ಈ ಕ್ರಮ ಬಹುಮಟ್ಟಿಗೆ ಸ್ಥಿರವಾಗಿತ್ತು.

ಶಾಂತಿಯನ್ನು ಬೋಧಿಸುವ ಗ್ರಂಥಗಳು ಎರಡೂ ಭಾಷೆಗಳಲ್ಲಿ ಹೇರಳವಾಗಿರುವಾಗ ರಣರಂಗದ ಪುಸ್ತಕಗಳೇ ಪಾಠಕ್ಕೆ ಏಕೆ ಬಂದವು? ಹಾಗೆ ಬಂದ ಪುಸ್ತಕಗಳು ಭಾಷೆಯೊಂದಿಗೆ ಬೇರೆ ಏನನ್ನು ಕಲಿಸಿದವು? ಇಂದು ಇಂಗ್ಲಿಷಿನಲ್ಲಾಗಲಿ ಮತ್ತೊಂದು ಭಾಷೆಯಲ್ಲಾಗಲಿ ಯುದ್ಧೇತಿಹಾಸದ ಓದಿಗೆ ತೊಡಗುವ ಕನ್ನಡಿಗರು ಪುಸ್ತಕವನ್ನು ಆರಿಸುವ ಮುನ್ನ ಈ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ.

ಸುಲಭವಾಗುವುದು ಯಾವುದರಿಂದ?

ಯುದ್ಧಕಥನದ ಮೊದಲ ಅನುಕೂಲ ಅದರ ಕ್ರಮ. ಸೇನೆ ಹೊರಡುತ್ತದೆ, ನಡೆಯುತ್ತದೆ, ಹೊಳೆಯನ್ನು ದಾಟುತ್ತದೆ, ಬೀಡು ಬಿಡುತ್ತದೆ, ಶತ್ರುವನ್ನು ಎದುರಿಸುತ್ತದೆ; ಗೆಲ್ಲುತ್ತದೆ ಅಥವಾ ಹಿಮ್ಮೆಟ್ಟುತ್ತದೆ. ಒಂದು ವಾಕ್ಯ ಅರ್ಥವಾಗದೆ ಹೋದರೂ ಮುಂದಿನ ವಾಕ್ಯದಲ್ಲಿ ಸೇನೆ ಎಲ್ಲಿದೆ ಎಂಬುದನ್ನು ನೋಡಿ ಹಿಂದಿನದನ್ನು ಊಹಿಸಿಕೊಳ್ಳಬಹುದು. ಎರಡನೆಯದು ಪದಗಳ ಪುನರಾವೃತ್ತಿ. ಬೀಡು, ಕಾವಲು, ದವಸ, ಕುದುರೆ, ದೂತ, ಒತ್ತೆಯಾಳು ಮೊದಲಾದ ಕೆಲವೇ ಪದಗಳು ಪುಟಪುಟದಲ್ಲೂ ಮರಳಿ ಬರುತ್ತವೆ. ನಿಘಂಟನ್ನು ಹತ್ತು ಸಲ ತೆರೆದವನು ಹನ್ನೊಂದನೆಯ ಸಲ ತೆರೆಯಬೇಕಾಗುವುದಿಲ್ಲ. ಮೂರನೆಯದು ಭೂಪಟ. ಭಾವವನ್ನು ಚಿತ್ರಿಸಿ ತೋರಿಸಲಾಗದು. ಆದರೆ ಬೆಟ್ಟ, ಹೊಳೆ, ಕೋಟೆಗಳನ್ನು ತೋರಿಸಬಹುದು. ಪಕ್ಕದಲ್ಲಿ ಒಂದು ನಕ್ಷೆಯಿದ್ದರೆ ಅರ್ಧ ವ್ಯಾಖ್ಯಾನ ದೊರೆತಂತೆ.

ಈ ಅನುಕೂಲಗಳು ಶಾಲೆಯ ಕಾಲಕ್ಕಿಂತ ಬಹಳ ಹಿಂದೆಯೇ ಕಂಡುಬಂದಿದ್ದವು. ನಾಲ್ಕನೆಯ ಶತಮಾನದಲ್ಲಿ ಯುಟ್ರೋಪಿಯಸ್ ಎಂಬ ಅಧಿಕಾರಿ ವೇಲೆನ್ಸ್ ಚಕ್ರವರ್ತಿಗಾಗಿ ರೋಮಿನ ಇತಿಹಾಸವನ್ನು ಹತ್ತು ಕಿರು ಭಾಗಗಳಲ್ಲಿ ಸಂಗ್ರಹಿಸಿದ. ಅದರಲ್ಲಿ ಹೆಚ್ಚಿನದು ಯುದ್ಧಗಳ ಸಾಲು: ಯಾರು ಸೇನಾನಿ, ಯಾರೊಡನೆ ಕದನ, ಫಲವೇನು. ಸ್ವಲ್ಪವೇ ಕಾಲದಲ್ಲಿ ಪೇಯಾನಿಯಸ್ ಎಂಬವನು ಅದನ್ನು ಗ್ರೀಕಿಗೆ ಅನುವಾದಿಸಿದ. ಎಂಟನೆಯ ಶತಮಾನದಲ್ಲಿ ಪಾಲ್ ದ ಡೀಕನ್ ಎಂಬ ಲೊಂಬಾರ್ಡ್ ವಿದ್ವಾಂಸ ತನ್ನ ಶಿಷ್ಯೆಯಾದ ಅಡೆಲ್ಪೆರ್ಗಾಳಿಗಾಗಿ ಅದೇ ಪುಸ್ತಕವನ್ನು ಹಿಗ್ಗಿಸಿ ಬರೆದ. ಸೇನಾನಿಗಳ ಜೀವನಚರಿತ್ರೆಗಳನ್ನು ಬರೆದ ಕಾರ್ನೀಲಿಯಸ್ ನೆಪೋಸ್ ಕೂಡ ಇದೇ ಕಾರಣದಿಂದ ಲ್ಯಾಟಿನ್ ಪಾಠಗಳಲ್ಲಿ ಉಳಿದ. ಅವನ ಹ್ಯಾನಿಬಾಲನ ಚರಿತ್ರೆ ಕೆಲವೇ ಪುಟಗಳದು.

ಯುದ್ಧದ ಇತಿಹಾಸವೆಲ್ಲವೂ ಸುಲಭವೆಂದು ಇದರಿಂದ ತಿಳಿಯಬಾರದು. ಥುಸಿಡಿಡೀಸನ ಪೆಲೊಪೊನೀಸಿಯನ್ ಯುದ್ಧದ ಇತಿಹಾಸ ಗ್ರೀಕ್ ಗದ್ಯದ ಶಿಖರಗಳಲ್ಲೊಂದು. ಆದರೆ ಅದರಲ್ಲಿ ಬರುವ ಭಾಷಣಗಳ ಜಟಿಲತೆಯ ಬಗೆಗೆ ಹ್ಯಾಲಿಕಾರ್ನಾಸಸ್ಸಿನ ಡಯೊನೀಸಿಯಸ್ಸನಂಥ ಗ್ರೀಕ್ ವಿಮರ್ಶಕನೇ ದೂರಿದ್ದ. ಟ್ಯಾಸಿಟಸ್ ಹೇಳುವುದಕ್ಕಿಂತ ಹೇಳದೆ ಬಿಡುವುದೇ ಹೆಚ್ಚು. ಅವನ ಮೌನವನ್ನು ಓದಲು ಭಾಷೆಯಲ್ಲಿ ಬಹುಕಾಲ ಬಾಳಿರಬೇಕು. ಆದುದರಿಂದ ವಿಷಯ ಯುದ್ಧವೆಂಬುದೊಂದೇ ಸಾಲದು. ಬರೆದವನು ನಡಿಗೆಯ ಲೆಕ್ಕ, ಆಹಾರದ ಲೆಕ್ಕ, ಕಾಲದ ಲೆಕ್ಕಗಳನ್ನು ಸ್ವತಃ ಹಾಕಿದವನಾಗಿರಬೇಕು. ಸೇನೆಯನ್ನು ನಡೆಸಿದವರ ಗದ್ಯ ಹೆಚ್ಚಾಗಿ ನೇರವಾಗಿರುತ್ತದೆ.

ಪರಸಾಂಗಗಳ ದಾರಿ

ಕ್ರಿ.ಪೂ. 401ರಲ್ಲಿ ಪರ್ಷಿಯದ ರಾಜಕುಮಾರ ಸೈರಸ್ ತನ್ನ ಅಣ್ಣನಾದ ಚಕ್ರವರ್ತಿ ಆರ್ಟಾಜೆರ್ಕ್ಸೀಸನ ಸಿಂಹಾಸನವನ್ನು ಕಸಿಯಲು ಹೊರಟಾಗ, ಕೂಲಿಗಾಗಿ ಕಾದುವ ಹತ್ತು ಸಾವಿರಕ್ಕೂ ಹೆಚ್ಚು ಗ್ರೀಕ್ ಸೈನಿಕರು ಅವನ ಜೊತೆಗಿದ್ದರು. ಬ್ಯಾಬಿಲೋನಿನ ಬಳಿ ಕುನಾಕ್ಸದಲ್ಲಿ ನಡೆದ ಕದನದಲ್ಲಿ ಸೈರಸ್ ಸತ್ತ. ಮಾತುಕತೆಗೆಂದು ಹೋದ ಗ್ರೀಕ್ ದಳಪತಿಗಳನ್ನು ಟಿಸ್ಸಫರ್ನೀಸ್ ಮೋಸದಿಂದ ಸೆರೆಹಿಡಿಸಿದ. ಸೇನಾನಿಗಳಿಲ್ಲದ ಆ ಪಡೆ ಹೊಸಬರನ್ನು ಆರಿಸಿಕೊಂಡು, ಉತ್ತರದ ಬೆಟ್ಟಗಳನ್ನೂ ಹಿಮವನ್ನೂ ದಾಟಿ ಕಪ್ಪು ಸಮುದ್ರದ ತೀರವನ್ನು ಮುಟ್ಟಿತು. ಹಾಗೆ ಆಯ್ಕೆಯಾದವರಲ್ಲಿ ಒಬ್ಬ ಕ್ಸೆನೊಫೋನ್. ಆ ಯಾತ್ರೆಯ ಕಥನವೇ ‘ಅನಾಬಾಸಿಸ್’.

ಪುಸ್ತಕದ ಆರಂಭದಲ್ಲಿ ಸೇನೆಯ ಪಯಣವನ್ನು ಹೇಳುವ ಒಂದೇ ಮಾದರಿಯ ವಾಕ್ಯ ಮತ್ತೆ ಮತ್ತೆ ಬರುತ್ತದೆ: ಇಂಥ ಸ್ಥಳದಿಂದ ಇಷ್ಟು ಮಜಲು, ಇಷ್ಟು ಪರಸಾಂಗ ನಡೆದು ಇಂಥ ಸ್ಥಳವನ್ನು ಸೇರಿದರು ಎಂಬ ಬಗೆಯದು. ಪರಸಾಂಗವೆಂದರೆ ಸುಮಾರು ಐದೂವರೆ ಕಿಲೋಮೀಟರು. ಗ್ರೀಕ್ ಬಲ್ಲವನಿಗೆ ಇದು ಏಕತಾನ. ಕಲಿಯುವವನಿಗೆ ಇದೇ ಮೆಟ್ಟಿಲು. ಸಂಖ್ಯಾವಾಚಕಗಳು, ವಿಭಕ್ತಿಗಳು, ನಡೆಯುವ ಕ್ರಿಯಾಪದಗಳು ಸೇನೆಯ ಹೆಜ್ಜೆಯೊಂದಿಗೆ ತಾವಾಗಿಯೇ ಮನನವಾಗುತ್ತವೆ. ಏಕತಾನಕ್ಕೆ ಮನಸ್ಸು ದಣಿಯುವ ಹೊತ್ತಿಗೆ ಕಥೆ ಬಿಗಿಯಾಗುತ್ತದೆ.

ಈ ಗ್ರಂಥದಲ್ಲಿ ಪರಭಾಷೆಯ ಸಮಸ್ಯೆ ಕಥೆಯೊಳಗೂ ಇದೆ. ಆರ್ಮೇನಿಯದ ಹಳ್ಳಿಯ ನೆಲಮನೆಗಳಲ್ಲಿ ತಂಗಿದ ಗ್ರೀಕರು ತಮಗೆ ಉಣಬಡಿಸುವ ಹುಡುಗರೊಡನೆ ಮೂಗರೊಡನೆ ವ್ಯವಹರಿಸುವಂತೆ ಸನ್ನೆಯಲ್ಲಿ ಮಾತಾಡುತ್ತಾರೆ. ಮುಂದೆ ಮ್ಯಾಕ್ರೋನಿಯರ ನಾಡಿನಲ್ಲಿ, ಹೊಳೆಯ ಆಚೆ ದಡದಲ್ಲಿ ಆಯುಧ ಹಿಡಿದ ಜನ ದಾರಿಗಡ್ಡವಾಗಿ ನಿಂತಿರುವಾಗ, ಸೇನೆಯ ಒಬ್ಬ ಸಾಮಾನ್ಯ ಕಾಲಾಳು ಕ್ಸೆನೊಫೋನನ ಬಳಿಗೆ ಬರುತ್ತಾನೆ. ಅವನು ಹಿಂದೆ ಅಥೆನ್ಸಿನಲ್ಲಿ ಗುಲಾಮನಾಗಿದ್ದವನು. ಎದುರಿನವರ ಮಾತು ತನಗೆ ತಿಳಿಯುತ್ತಿದೆ, ಇದು ತನ್ನ ತಾಯ್ನಾಡೇ ಇರಬೇಕು, ಅವರೊಡನೆ ಮಾತಾಡಲು ಅಪ್ಪಣೆಯಾಗಬೇಕು ಎಂದು ಕೇಳಿಕೊಳ್ಳುತ್ತಾನೆ. ಅವನು ಮಾತಾಡಿದ ಮೇಲೆ ಎರಡೂ ಪಕ್ಷದವರು ಈಟಿಗಳನ್ನು ವಿನಿಮಯ ಮಾಡಿಕೊಂಡು ಆಣೆಯಿಡುತ್ತಾರೆ. ಕಾದಲು ನಿಂತಿದ್ದ ಮ್ಯಾಕ್ರೋನಿಯರು ಗ್ರೀಕರ ಜೊತೆ ಸೇರಿ ಮರ ಕಡಿದು ದಾರಿ ಮಾಡಿಕೊಡುತ್ತಾರೆ. ಆ ಮನುಷ್ಯನ ಹೆಸರನ್ನು ಕ್ಸೆನೊಫೋನ್ ಬರೆದಿಲ್ಲ. ಅಂದು ಆ ಹೊಳೆಯ ದಡದಲ್ಲಿ ಬೀಳಬಹುದಾಗಿದ್ದ ಹೆಣಗಳು ಬೀಳದೆ ಉಳಿದದ್ದು, ಬಾಲ್ಯದಲ್ಲೇ ಕಳೆದುಕೊಂಡಿರಬಹುದಾದ ತಾಯ್ನುಡಿಯನ್ನು ಒಬ್ಬ ಗುಲಾಮ ಮರೆತಿರಲಿಲ್ಲ ಎಂಬ ಕಾರಣದಿಂದ. ಗ್ರೀಕ್ ಕಲಿಯುತ್ತಿರುವ ಓದುಗರಿಗೆ ಇದಕ್ಕಿಂತ ಒಳ್ಳೆಯ ಪಾಠವಿರಲಾರದು.

ಸೀಸರನ ಸರಳತೆ

ಸೀಸರ್ ಕ್ರಿ.ಪೂ. 58ರಿಂದ ಗಾಲ್ ದೇಶದಲ್ಲಿ, ಎಂದರೆ ಇಂದಿನ ಫ್ರಾನ್ಸ್ ಮತ್ತು ಅದರ ನೆರೆಯ ನಾಡುಗಳಲ್ಲಿ, ನಡೆಸಿದ ದಂಡಯಾತ್ರೆಗಳನ್ನು ಏಳು ಭಾಗಗಳಲ್ಲಿ ಬರೆದ. ಎಂಟನೆಯದನ್ನು ಅವನ ಅಧಿಕಾರಿಯಾದ ಔಲಸ್ ಹಿರ್ಟಿಯಸ್ ಸೇರಿಸಿದ. ಸೀಸರ್ ಸೇನಾನಿಯಷ್ಟೇ ಅಲ್ಲ, ಭಾಷಾಚಿಂತಕನೂ ಆಗಿದ್ದ. ಪದಗಳ ಶುದ್ಧರೂಪವನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದ್ದ. ಅದು ಈಗ ಉಳಿದಿಲ್ಲ. ಅಪರೂಪದ ಪದವನ್ನು ನಾವಿಕರು ಬಂಡೆಯಿಂದ ದೂರ ಸರಿಯುವಂತೆ ದೂರವಿಡಬೇಕೆಂಬ ಅವನ ಮತ ಮಾತ್ರ ಇತರರ ಉಲ್ಲೇಖದಿಂದ ತಿಳಿದಿದೆ. ಈ ಮತವನ್ನು ಅವನು ಆಚರಿಸಿದ. ಲ್ಯಾಟಿನ್ನಿನಲ್ಲಿ ಹೊಳೆಗೆ ಹಲವು ಪದಗಳಿದ್ದರೂ ಅವನು ‘ಫ್ಲೂಮೆನ್’ ಎಂಬ ಒಂದನ್ನೇ ಬಳಸುತ್ತಾನೆ. ಒಂದು ವಸ್ತುವಿಗೆ ಒಂದೇ ಪದವೆಂಬ ಈ ನಿಯಮ ಕವಿಗೆ ಬಡತನವಾಗಿ ಕಾಣಬಹುದು. ವಿದ್ಯಾರ್ಥಿಗೆ ಅದು ಉಪಕಾರ.

ಕನ್ನಡಿಗರಿಗೆ ಸೀಸರನ ವಾಕ್ಯ ಅಪರಿಚಿತವೆನಿಸುವುದಿಲ್ಲ. ಕ್ರಿಯಾಪದ ಹೆಚ್ಚಾಗಿ ಕೊನೆಗೆ ಬರುತ್ತದೆ. ಹೀಗಾದ ಮೇಲೆ, ಇದನ್ನು ತಿಳಿದು, ಬೀಡಿಗೆ ಕಾವಲಿಟ್ಟು ಎಂದು ಕ್ರಿಯೆಗಳನ್ನು ಸರಪಳಿಯಂತೆ ಪೋಣಿಸುವ ಅವನ ರೀತಿ ಕನ್ನಡದ ಕೃದಂತಾವ್ಯಯಗಳ ಸಾಲನ್ನು ನೆನಪಿಗೆ ತರುತ್ತದೆ. ಸಂಸ್ಕೃತವನ್ನು ಬಲ್ಲವರಿಗೆ ಅದರಲ್ಲಿ ಸತಿಸಪ್ತಮಿಯ ಛಾಯೆ ಕಾಣುತ್ತದೆ. ತೊಡಕಾಗುವುದು ಪರೋಕ್ಷ ಭಾಷಣ: ದೂತರ ಮಾತುಗಳನ್ನೂ ರಾಜರ ಉತ್ತರಗಳನ್ನೂ ಸೀಸರ್ ನೇರವಾಗಿ ಕೊಡದೆ ದೀರ್ಘವಾದ ವರದಿಯ ರೂಪದಲ್ಲಿ ಕೊಡುತ್ತಾನೆ. ರೈನ್ ನದಿಗೆ ಹತ್ತು ದಿನಗಳಲ್ಲಿ ಕಟ್ಟಿದ ಮರದ ಸೇತುವೆಯ ವರ್ಣನೆಯೂ ತಲೆಮಾರುಗಳ ವಿದ್ಯಾರ್ಥಿಗಳನ್ನು ದಣಿಸಿದೆ. ಅಲ್ಲಿ ಬಡಗಿಯ ಕೆಲಸ ತಿಳಿಯದೆ ವ್ಯಾಕರಣವೊಂದೇ ಸಾಲದು. ಮೊದಲ ಓದಿನಲ್ಲಿ ಅಂಥ ಪುಟಗಳನ್ನು ದಾಟಿ ಮುಂದೆ ಹೋಗುವುದರಿಂದ ನಷ್ಟವಿಲ್ಲ.

ಇಲ್ಲಿಯೂ ಭಾಷೆ ರಣತಂತ್ರದ ಭಾಗವಾಗಿದೆ. ಕ್ವಿಂಟಸ್ ಸಿಸಿರೋ ಎಂಬ ಅಧಿಕಾರಿಯ ಬೀಡು ಶತ್ರುಗಳಿಂದ ಸುತ್ತುವರಿಯಲ್ಪಟ್ಟಾಗ, ನೆರವಿಗೆ ಬರುತ್ತಿರುವುದಾಗಿ ಸೀಸರ್ ಪತ್ರ ಬರೆದ. ಅದು ಶತ್ರುವಿನ ಕೈಗೆ ಸಿಕ್ಕರೂ ತಿಳಿಯದಿರಲೆಂದು ಗ್ರೀಕ್ ಅಕ್ಷರಗಳಲ್ಲಿ ಬರೆದ. ಪತ್ರವಾಹಕ ಅದನ್ನು ಈಟಿಗೆ ಕಟ್ಟಿ ಬೀಡಿನೊಳಕ್ಕೆ ಎಸೆದ. ಈಟಿ ಗೋಪುರವೊಂದಕ್ಕೆ ನಾಟಿ ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಮೊದಲ ಭಾಗದಲ್ಲಿ ಇನ್ನೊಂದು ಪ್ರಸಂಗವಿದೆ. ಗಾಲರ ಭಾಷೆಯನ್ನು ಬಲ್ಲ ಪ್ರೊಸಿಲಸ್ ಎಂಬ ತರುಣನನ್ನು ಸೀಸರ್ ಜರ್ಮನರ ರಾಜ ಆರಿಯೊವಿಸ್ಟಸನ ಬಳಿಗೆ ಕಳಿಸುತ್ತಾನೆ. ಆ ರಾಜ ಬಹುಕಾಲದ ಬಳಕೆಯಿಂದ ಅದೇ ಭಾಷೆಯನ್ನು ಕಲಿತಿದ್ದ. ಹೀಗೆ ರೋಮಿನ ಸೇನಾನಿಯೂ ಜರ್ಮನರ ರಾಜನೂ ಇಬ್ಬರದೂ ಅಲ್ಲದ ಮೂರನೆಯ ನುಡಿಯಲ್ಲಿ ವ್ಯವಹರಿಸಬೇಕಾಯಿತು. ಆರಿಯೊವಿಸ್ಟಸ್ ದೂತನನ್ನು ಗೂಢಚಾರನೆಂದು ಸಂಕಲೆಯಲ್ಲಿರಿಸಿದ. ಅವನನ್ನು ಆಗಲೇ ಸುಡಬೇಕೆ, ಬೇರೊಂದು ಸಮಯಕ್ಕೆ ಉಳಿಸಬೇಕೆ ಎಂದು ಮೂರು ಸಲ ಚೀಟಿ ಎತ್ತಿದರೆಂದೂ ಮೂರು ಸಲವೂ ಅವನು ಉಳಿದನೆಂದೂ ಸೀಸರ್ ಬರೆಯುತ್ತಾನೆ.

ಸರಳತೆ ಮರೆಮಾಡುವುದು

ಇಷ್ಟೆಲ್ಲ ಗುಣಗಳುಳ್ಳ ಪುಸ್ತಕ ನಿರಪಾಯವೆಂದು ತೋರಬಹುದು. ವಾಸ್ತವದಲ್ಲಿ ಅದರ ಸರಳತೆಯೇ ಅದರ ರಾಜಕಾರಣ. ಗಾಲ್ ಯುದ್ಧದ ಕಥನ ರೋಮಿನ ಪ್ರಜೆಗಳ ಮುಂದೆ, ಸೀಸರನ ವಿರೋಧಿಗಳು ಅವನ ಮೇಲೆ ಮೊಕದ್ದಮೆ ಹೂಡಲು ಕಾದಿದ್ದ ಕಾಲದಲ್ಲಿ ಬಂದ ಬರಹ. ಲೇಖಕ ತನ್ನನ್ನು ‘ನಾನು’ ಎನ್ನದೆ ‘ಸೀಸರ್’ ಎಂದೇ ಕರೆದುಕೊಳ್ಳುತ್ತಾನೆ. ಆದುದರಿಂದ ಹೇಳುವವನು ಬೇರೆ, ಮಾಡಿದವನು ಬೇರೆ ಎಂಬ ಭ್ರಮೆ ಹುಟ್ಟುತ್ತದೆ. ರೋಮನ್ ಸೈನಿಕರನ್ನು ಅವನು ‘ನಮ್ಮವರು’ ಎನ್ನುತ್ತಾನೆ. ಈ ಒಂದು ಸರ್ವನಾಮದ ಬಲ ದೊಡ್ಡದು. ಇಪ್ಪತ್ತು ಪುಟ ಓದುವಷ್ಟರಲ್ಲಿ ವಿದ್ಯಾರ್ಥಿಗೂ ರೋಮನರು ನಮ್ಮವರಾಗುತ್ತಾರೆ. ಗಾಲರನ್ನು ತಮ್ಮ ಪೂರ್ವಜರೆಂದು ಪಠ್ಯಪುಸ್ತಕದಲ್ಲಿ ಓದುತ್ತಿದ್ದ ಫ್ರಾನ್ಸಿನ ಮಕ್ಕಳು ಕೂಡ ಲ್ಯಾಟಿನ್ ತರಗತಿಯಲ್ಲಿ ಆ ಪೂರ್ವಜರನ್ನು ಕೊಂದವರನ್ನು ‘ನಮ್ಮವರು’ ಎಂದು ಅನುವಾದಿಸಬೇಕಾಗಿತ್ತು.

ಕ್ರಿ.ಪೂ. 55ರಲ್ಲಿ ರೈನ್ ದಾಟಿ ಬಂದ ಉಸಿಪೆಟೀ ಮತ್ತು ಟೆಂಕ್ಟೆರೀ ಎಂಬ ಜನಾಂಗಗಳ ಮುಖಂಡರು ಮಾತುಕತೆಗೆಂದು ಸೀಸರನ ಬಳಿಗೆ ಬಂದರು. ಅವರನ್ನು ತಡೆಹಿಡಿದು, ಮುಖಂಡರಿಲ್ಲದ ಅವರ ಬೀಡಿನ ಮೇಲೆ ಅವನು ಎರಗಿದ. ಅಲ್ಲಿ ಹೆಂಗಸರು ಮಕ್ಕಳು ಇದ್ದರೆಂದೂ ಅವರನ್ನು ಅಟ್ಟಲು ಕುದುರೆ ಪಡೆಯನ್ನು ಕಳಿಸಿದನೆಂದೂ ಅವನೇ ಬರೆದಿದ್ದಾನೆ. ಶತ್ರುಗಳ ಸಂಖ್ಯೆ 4,30,000 ಎಂಬುದು ಅವನ ಲೆಕ್ಕ. ತನ್ನವರಲ್ಲಿ ಒಬ್ಬನೂ ಸಾಯಲಿಲ್ಲವೆಂಬುದೂ ಅವನದೇ ಮಾತು. ಸಂಖ್ಯೆ ಉತ್ಪ್ರೇಕ್ಷೆಯಿರಬಹುದು, ಆದರೆ ಕೃತ್ಯ ಉತ್ಪ್ರೇಕ್ಷೆಯಲ್ಲ. ರೋಮಿನ ಸೆನೆಟ್ಟಿನಲ್ಲಿ ಕೇಟೋ, ಕದನವಿರಾಮವನ್ನು ಮುರಿದ ಈ ಸೇನಾನಿಯನ್ನು ಆ ಜನರಿಗೇ ಒಪ್ಪಿಸಬೇಕೆಂದು ಹೇಳಿದ. ಈ ಸಂಗತಿ ಸೀಸರನ ಪುಸ್ತಕದಲ್ಲಿ ಇಲ್ಲ. ಅದನ್ನು ತಿಳಿಯಲು ಪ್ಲೂಟಾರ್ಕನನ್ನು ಓದಬೇಕು.

ಕ್ರಿ.ಪೂ. 52ರಲ್ಲಿ ಅವಾರಿಕಮ್ ಪಟ್ಟಣದ ಪತನವಾದಾಗ ಸುಮಾರು 40,000 ಜನರಲ್ಲಿ 800 ಮಂದಿ ಮಾತ್ರ ಉಳಿದರೆಂದು ಸೀಸರ್ ಹೇಳುತ್ತಾನೆ. ಮುದುಕರನ್ನೂ ಹೆಂಗಸರನ್ನೂ ಕೂಸುಗಳನ್ನೂ ಬಿಡಲಿಲ್ಲವೆಂಬ ವಾಕ್ಯದ ಕರ್ತೃ ಸೀಸರನಲ್ಲ, ಕೆರಳಿದ ಸೈನಿಕರು. ಅದೇ ವರ್ಷ ಅಲೇಸಿಯಾ ಕೋಟೆಯ ಮುತ್ತಿಗೆಯಲ್ಲಿ ಆ ಊರಿನ ಮೂಲನಿವಾಸಿಗಳಾದ ಮಂಡೂಬಿಯರನ್ನು, ದವಸ ಸಾಲದೆಂಬ ಕಾರಣಕ್ಕೆ, ಗಾಲರ ಸೇನೆಯೇ ಹೆಂಡಿರು ಮಕ್ಕಳೊಂದಿಗೆ ಹೊರಗೆ ಅಟ್ಟಿತು. ಅವರು ರೋಮನರ ಕೋಟೆಗೋಡೆಯ ಬುಡಕ್ಕೆ ಬಂದು, ಗುಲಾಮರಾಗಿಯಾದರೂ ಸೇರಿಸಿಕೊಳ್ಳಿ, ಅನ್ನ ಕೊಡಿ ಎಂದು ಅತ್ತರು. ಸೀಸರ್ ಕಾವಲು ಹಾಕಿ ಒಳಗೆ ಬಿಡಗೊಡಲಿಲ್ಲ. ಅಲ್ಲಿಗೆ ವಾಕ್ಯ ಮುಗಿಯುತ್ತದೆ, ಪ್ರಕರಣವೂ ಮುಗಿಯುತ್ತದೆ. ಅವರು ಎರಡು ಗೋಡೆಗಳ ನಡುವೆ ಸತ್ತರೆಂಬುದನ್ನು ಎರಡು ಶತಮಾನಗಳಿಗೂ ಹೆಚ್ಚು ಕಾಲದ ಅನಂತರ ಬರೆದ ಕ್ಯಾಸಿಯಸ್ ಡಿಯೋನಿಂದ ತಿಳಿಯಬೇಕು. ಗಾಲರ ನಾಯಕ ವರ್ಸಿಂಗೆಟೊರಿಕ್ಸ್ ಶರಣಾದುದನ್ನೂ ಸೀಸರ್ ಕೆಲವೇ ಪದಗಳಲ್ಲಿ ಮುಗಿಸುತ್ತಾನೆ. ಆರು ವರ್ಷ ಸೆರೆಯಲ್ಲಿಟ್ಟು ವಿಜಯೋತ್ಸವದ ಅನಂತರ ಅವನನ್ನು ಕೊಲ್ಲಿಸಿದ ಸಂಗತಿ ಈ ಕಥನದ ವ್ಯಾಪ್ತಿಗೇ ಬರುವುದಿಲ್ಲ.

ಸೇನಾನಿಗಳೇ ಇದನ್ನು ಗಮನಿಸಿದ್ದಾರೆ. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್, ಸೀಸರನ ಯುದ್ಧಗಳ ಸಮೀಕ್ಷೆಯೊಂದನ್ನು ಹೇಳಿ ಬರೆಸಿದ. ಅದು 1836ರಲ್ಲಿ ಪ್ರಕಟವಾಯಿತು. ವೆನೆಟೀ ಜನರ ಹಿರಿಯರನ್ನು ಕೊಲ್ಲಿಸಿ ಉಳಿದವರನ್ನು ಗುಲಾಮರಾಗಿ ಮಾರಿದ ಸೀಸರನ ನಡತೆಯನ್ನು ಅವನು ಅದರಲ್ಲಿ ಖಂಡಿಸುತ್ತಾನೆ. ಲಕ್ಷಾಂತರ ಜನರ ಸಾವಿಗೆ ಕಾರಣನಾದ ನೆಪೋಲಿಯನ್ನನಿಗೂ ಅಸಹ್ಯವೆನಿಸಿದ ಕೃತ್ಯವನ್ನು ಸೀಸರನ ನಯವಾದ ಗದ್ಯ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತದೆ.

ನಿಧಾನದ ಓದಿನ ಲಾಭ

ಇದರಿಂದ ಸೀಸರನನ್ನು ಓದಬಾರದೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಮಾತೃಭಾಷೆಯ ಓದುಗ ವೇಗವಾಗಿ ಸಾಗುತ್ತಾನೆ. ಕಥೆಯ ಓಟದಲ್ಲಿ ‘ಕೊಲ್ಲಲ್ಪಟ್ಟರು’ ಎಂಬ ಕರ್ಮಣಿ ಪ್ರಯೋಗ ಅವನ ಗಮನಕ್ಕೆ ಬಾರದೆ ಹೋಗಬಹುದು. ಪರಭಾಷೆಯ ಓದುಗ ಪ್ರತಿ ವಾಕ್ಯದಲ್ಲೂ ಕರ್ತೃ ಯಾವುದು, ಕರ್ಮ ಯಾವುದು, ಕ್ರಿಯೆ ಯಾವುದು ಎಂದು ಹುಡುಕಿಯೇ ಮುಂದೆ ಹೋಗಬೇಕು. ಹಾಗೆ ಹುಡುಕುವವನಿಗೆ ಒಂದು ದಿನ ಕರ್ತೃ ಸಿಗದ ವಾಕ್ಯ ಎದುರಾಗುತ್ತದೆ. ಯಾರು ಕೊಂದರು ಎಂಬ ವ್ಯಾಕರಣದ ಪ್ರಶ್ನೆ ಅಲ್ಲಿ ಧರ್ಮದ ಪ್ರಶ್ನೆಯಾಗಿ ಬದಲಾಗುತ್ತದೆ. ಭಾಷೆಯ ಮೇಲಿನ ಹಿಡಿತ ಕಡಿಮೆಯಿದ್ದುದೇ ಅವನ ವಿವೇಕಕ್ಕೆ ನೆರವಾಗುತ್ತದೆ.

ಈ ಲಾಭ ದೊರೆಯಬೇಕಾದರೆ ಒಂದು ಯುದ್ಧಕ್ಕೆ ಒಂದೇ ಪುಸ್ತಕವೆಂಬ ನಿಯಮವನ್ನು ಬಿಡಬೇಕು. ಕ್ಸೆನೊಫೋನನನ್ನು ಓದಿದವರು ಹಿಮ್ಮೆಟ್ಟುವ ಸೇನೆಯ ಪ್ರಾಣವೇ ಅವನೆಂದು ನಂಬುತ್ತಾರೆ. ಅದೇ ಯಾತ್ರೆಯನ್ನು ಡಯೊಡೋರಸ್ ಹೇಳುವಾಗ ನಾಯಕನಾಗಿ ಕಾಣುವವನು ಸ್ಪಾರ್ಟದ ಕಿರಿಸೊಫಸ್. ಕ್ಸೆನೊಫೋನನ ಹೆಸರು ಬಹಳ ತಡವಾಗಿ, ಥ್ರೇಸಿನ ಪ್ರಸಂಗದಲ್ಲಿ ಮಾತ್ರ ಬರುತ್ತದೆ. ಯಾರ ಮಾತು ಸರಿಯೆಂಬ ಚರ್ಚೆ ವಿದ್ವಾಂಸರದು. ಓದುಗರಿಗೆ ಮುಖ್ಯವಾದುದು, ಸರಳವಾಗಿ ಹೇಳಿದ ಮಾತ್ರಕ್ಕೆ ಪೂರ್ಣವಾಗಿ ಹೇಳಿದಂತಾಗದು ಎಂಬ ಅರಿವು.

ಇಂಗ್ಲಿಷಿನಲ್ಲಿ ಓದುವ ಕನ್ನಡಿಗರಿಗೂ ಇದೇ ಮಾನದಂಡ ಸಲ್ಲುತ್ತದೆ. ಅಮೆರಿಕದ ಅಂತರ್ಯುದ್ಧದ ಸೇನಾನಿ ಯುಲಿಸಿಸ್ ಗ್ರಾಂಟ್ ಗಂಟಲಿನ ಕ್ಯಾನ್ಸರಿನಿಂದ ನರಳುತ್ತ ತನ್ನ ನೆನಪುಗಳನ್ನು ಬರೆದು, ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ತೀರಿಕೊಂಡ. ಎರಡು ಸಂಪುಟಗಳ ಆ ಗ್ರಂಥದ ಇಂಗ್ಲಿಷ್ ನೇರ, ನಿರಾಡಂಬರ. ಗ್ರಾಂಟ್ ಸೀಸರನಿಂದ ಬೇರೆಯಾಗುವುದು ಒಂದು ವಿಷಯದಲ್ಲಿ. ತಾನೇ ಭಾಗವಹಿಸಿದ್ದ ಮೆಕ್ಸಿಕೋ ಯುದ್ಧ ಬಲಿಷ್ಠರು ದುರ್ಬಲರ ಮೇಲೆ ನಡೆಸಿದ ಅನ್ಯಾಯವೆಂದು ಅವನು ಬರೆಯುತ್ತಾನೆ. ಕೋಲ್ಡ್ ಹಾರ್ಬರಿನ ಕೊನೆಯ ದಾಳಿಗೆ ಆಜ್ಞೆ ಕೊಟ್ಟದ್ದಕ್ಕಾಗಿ ಪಶ್ಚಾತ್ತಾಪಪಡುತ್ತಾನೆ. ವಾಕ್ಯದ ಕರ್ತೃಸ್ಥಾನದಿಂದ ಅವನು ತಪ್ಪಿಸಿಕೊಳ್ಳುವುದಿಲ್ಲ.

ಭಾರತೀಯರಿಗೆ ಇನ್ನೂ ಹತ್ತಿರದ್ದು ವಿಲಿಯಂ ಸ್ಲಿಮ್ 1956ರಲ್ಲಿ ಪ್ರಕಟಿಸಿದ ‘ಡಿಫೀಟ್ ಇಂಟು ವಿಕ್ಟರಿ’. 1942ರಲ್ಲಿ ಬರ್ಮಾದಿಂದ ಹಿಮ್ಮೆಟ್ಟಿದ್ದು, 1944ರಲ್ಲಿ ಇಂಫಾಲ ಮತ್ತು ಕೊಹಿಮಾಗಳನ್ನು ಕಾಪಾಡಿದ್ದು ಅದರ ವಸ್ತು. ಅವನ ಸೇನೆಯ ಬಹುಭಾಗ ಭಾರತೀಯ ಸೈನಿಕರು. ಕೊಹಿಮಾದ ಕಡೆಗೆ ಶತ್ರುವಿನ ಒಂದು ರೆಜಿಮೆಂಟ್ ಮಾತ್ರ ಬಂದೀತೆಂದು ತಾನು ಎಣಿಸಿದ್ದು ತಪ್ಪಾಯಿತು, ಬಂದದ್ದು ಇಡೀ ಡಿವಿಷನ್ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಆದರೂ ಎದುರು ಪಕ್ಷದಲ್ಲಿ ಕಾದಿದ ಆಜಾದ್ ಹಿಂದ್ ಫೌಜಿಗೆ ಈ ಗ್ರಂಥದಲ್ಲಿ ಸಿಗುವ ಸ್ಥಳ ಅಲ್ಪ. ಆ ಫೌಜಿನ ಅಧಿಕಾರಿ ಷಾ ನವಾಜ್ ಖಾನ್ 1946ರಲ್ಲಿ ಇಂಗ್ಲಿಷಿನಲ್ಲೇ ಪ್ರಕಟಿಸಿದ ನೆನಪುಗಳನ್ನು ಜೊತೆಗಿಟ್ಟುಕೊಂಡು ಓದಿದರೆ, ಅದೇ ಬೆಟ್ಟಗಳು, ಅದೇ ಮಳೆಗಾಲ, ಬೇರೊಂದು ‘ನಮ್ಮವರು’ ಕಣ್ಣಿಗೆ ಬೀಳುತ್ತಾರೆ.

ಹಳಗನ್ನಡವೆಂಬ ಪರಭಾಷೆ

ಇಂದಿನ ಕನ್ನಡಿಗರಿಗೆ ಹಳಗನ್ನಡವೂ ಒಂದು ಬಗೆಯ ಎರಡನೆಯ ಭಾಷೆಯೇ. ಅದರ ಕಲಿಕೆ ಸಾಮಾನ್ಯವಾಗಿ ಪಂಪ, ರನ್ನರ ಪದ್ಯಗಳಿಂದ ಆರಂಭವಾಗುತ್ತದೆ. ಅಲ್ಲಿಯೇ ಹಲವರು ದಣಿದು ಕೈಬಿಡುತ್ತಾರೆ. ಲ್ಯಾಟಿನ್ ಶಾಲೆಗಳ ಅನುಭವವನ್ನು ಇಲ್ಲಿಗೆ ಅನ್ವಯಿಸಿದರೆ ಮೊದಲು ಓದಬೇಕಾದುದು ಯುದ್ಧದ ಗದ್ಯ. ಗಂಗರ ಸೇನಾನಿ ಚಾವುಂಡರಾಯ 978ರಲ್ಲಿ ಗದ್ಯದಲ್ಲೇ ಬರೆದನಾದರೂ ಅವನ ವಸ್ತು ಅರುವತ್ತಮೂವರು ಶಲಾಕಾಪುರುಷರ ಚರಿತೆ, ತನ್ನ ದಂಡಯಾತ್ರೆಗಳಲ್ಲ. ಕನ್ನಡದ ಯುದ್ಧಗದ್ಯ ಉಳಿದಿರುವುದು ವೀರಗಲ್ಲುಗಳ ಮೇಲೆ. ತುರುಗೊಳ್, ಪೆಣ್ಬುಯ್ಯಲ್, ಊರಳಿವು, ಕಾದಿ ಸತ್ತು ಎಂಬ ಕೆಲವೇ ಪದಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಅನೇಕ ಶಾಸನಗಳು ಐದಾರು ಸಾಲನ್ನು ಮೀರುವುದಿಲ್ಲ.

ಅವುಗಳಲ್ಲಿ ದೀರ್ಘವೂ ಪ್ರಸಿದ್ಧವೂ ಆದ ಒಂದು ಮಂಡ್ಯ ಜಿಲ್ಲೆಯ ಆತಕೂರಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದ ಕದನದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಸೋಲಿಸಿದ ಸಂಗತಿ ಅದರಲ್ಲಿದೆ, ಕಾಲ ಕ್ರಿ.ಶ. 949–50. ಆ ಕದನದಲ್ಲಿ ಮೆರೆದ ಮಣಲೆರನಿಗೆ ಏನು ಬೇಕೆಂದು ಬೂತುಗ ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು. ಸಾಮ್ರಾಜ್ಯಗಳ ಗತಿಯನ್ನು ನಿರ್ಧರಿಸಿದ ಮಹಾಯುದ್ಧದ ದಾಖಲೆ ಕನ್ನಡದಲ್ಲಿ ಉಳಿದದ್ದು ಒಂದು ನಾಯಿಯ ಸ್ಮಾರಕದ ನೆಪದಲ್ಲಿ.

ಈ ಶಾಸನ ಓದುಗರಿಗೆ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಬೂತುಗ ರಾಜಾದಿತ್ಯನನ್ನು ಕೊಂದ ರೀತಿಯನ್ನು ಹೇಳುವ ಪದಗಳನ್ನು ಆರಂಭದ ಇಂಗ್ಲಿಷ್ ಅನುವಾದ ಬೇರೆ ಬಗೆಯಲ್ಲಿ ಗ್ರಹಿಸಿ, ಅಪ್ಪಿಕೊಂಡು ದ್ರೋಹದಿಂದ ಇರಿದನೆಂಬ ಅರ್ಥವನ್ನು ಕೊಟ್ಟಿತು. ಅನಂತರದ ಓದು ‘ಬಿಸುಗೆ’ ಎಂದರೆ ಆನೆಯ ಮೇಲಣ ಪೀಠ, ‘ಕಳ’ ಎಂದರೆ ರಣರಂಗ ಎಂದು ತಿಳಿದು, ಅಂಬಾರಿಯನ್ನೇ ರಣರಂಗವಾಗಿ ಮಾಡಿಕೊಂಡು ಕಾದಿ ಕೊಂದನೆಂದು ತಿದ್ದಿತು. ರಾಜಾದಿತ್ಯ ಆನೆಯ ಮೇಲೆಯೇ ಮಡಿದನೆಂದು ಚೋಳರ ದಾಖಲೆಯೂ ಹೇಳುತ್ತದೆ. ಎರಡು ಪದಗಳ ಅರ್ಥ ಬದಲಾದುದರಿಂದ ಒಬ್ಬ ದ್ರೋಹಿ ವೀರನಾದ. ಸತ್ತವನಿಗೆ ಇದರಿಂದ ವ್ಯತ್ಯಾಸವಿಲ್ಲ. ಕೊಂದವನ ಬಗೆಗೆ ಸಾವಿರ ವರ್ಷಗಳ ಅನಂತರ ಕೊಡುವ ತೀರ್ಪಿಗೆ ಇದೆ.

ಹೀಗೆ ನೋಡಿದಾಗ ಪರಭಾಷೆಯಲ್ಲಿ ಯುದ್ಧೇತಿಹಾಸವನ್ನು ಓದಲು ಪುಸ್ತಕ ಆರಿಸುವವರು ಗಮನಿಸಬೇಕಾದುವು ಕೆಲವೇ. ಗ್ರಂಥ ಚಿಕ್ಕದಾಗಿರಲಿ, ಅಥವಾ ಚಿಕ್ಕ ಭಾಗಗಳಾಗಿ ಒಡೆದಿರಲಿ. ನಡಿಗೆಯ ಕ್ರಮ ಸ್ಪಷ್ಟವಿರಲಿ, ಪಕ್ಕದಲ್ಲಿ ನಕ್ಷೆಯಿರಲಿ. ಬರೆದವರು ಯುದ್ಧವನ್ನು ಕಂಡವರಾಗಿದ್ದರೆ ಭಾಷೆ ಸಾಮಾನ್ಯವಾಗಿ ನೇರವಿರುತ್ತದೆ. ಆದರೆ ಕಂಡವರು ಮಾಡಿದವರೂ ಆಗಿರುತ್ತಾರೆಂಬುದನ್ನು ಮರೆಯಬಾರದು. ಆದುದರಿಂದ ಅದೇ ಯುದ್ಧವನ್ನು ಸೋತವರ ಕಡೆಯಿಂದಲೋ ದೂರದಿಂದಲೋ ಕಂಡ ಇನ್ನೊಂದು ಪುಸ್ತಕ, ಅನುವಾದದಲ್ಲಾದರೂ, ಕೈಯಲ್ಲಿರಬೇಕು. ಅಲೇಸಿಯಾದ ಗೋಡೆಯ ಬುಡದಲ್ಲಿ ನಿಂತು ಅನ್ನ ಬೇಡಿದ ಮಂಡೂಬಿಯರು ತಮ್ಮ ಭಾಷೆಯಲ್ಲಿ ಏನನ್ನೂ ಬರೆದಿಡಲಿಲ್ಲ. ಅವರಿಗೆ ಉಳಿದಿರುವುದು ವೈರಿಯ ಭಾಷೆಯ ಒಂದು ವಾಕ್ಯ ಮಾತ್ರ. ಆ ಭಾಷೆಯನ್ನು ಕಲಿಯುತ್ತಿರುವವರು ಆ ವಾಕ್ಯದ ಬಳಿ ತುಸು ಹೆಚ್ಚು ಹೊತ್ತು ನಿಂತರೆ ಕಲಿತದ್ದಕ್ಕೆ ಸಾರ್ಥಕ.